ಗಂಜಿ ಬಯಲಿನ ಅಧ್ಯಕ್ಷರು

ಇವತ್ತು ಬೆಳಗ್ಗೆ ಒಂದು ಲಕೋಟೆ ಬಂದು ನನ್ನ ಕಾಫಿಯನ್ನು ಕೆಡಿಸಿತು. ಲಕೋಟೆಯ ತಪ್ಪೇನಿಲ್ಲ. ಅದನ್ನು ಅಂಟಿಸಿದ್ದು ಹುಣಸೆಬೀಜದ ಗಂಜಿಯಿಂದ. ನಮ್ಮ ಬೀದಿಯ ಪ್ರೆಸ್ಸಿನವನಿಗೆ ಅಂಗಡಿಯ ಗೋಂದಿನ ಮೇಲೆ ನಂಬಿಕೆಯಿಲ್ಲ. ಮನೆಯಲ್ಲೇ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿಕೊಳ್ಳುತ್ತಾನೆ. ಆ ವಾಸನೆಯನ್ನು ನೀವು ಬಲ್ಲಿರೋ ಇಲ್ಲವೋ. ಸೀದ ಅಂಬಲಿಗೂ ಒದ್ದೆ ಮಣ್ಣಿಗೂ ನಡುವಿನದು. ಬೇರೆಯವರಿಗೆ ಅದು ಬರಿಯ ಅಂಟು. ನನಗೆ ಮಾತ್ರ ಅದು ಮೂಗಿಗೆ ಬಿದ್ದೊಡನೆ ಎದೆ ಸ್ವಲ್ಪ ವೇಗವಾಗಿ ಹೊಡೆದುಕೊಳ್ಳುತ್ತದೆ.

ಲಕೋಟೆಯೊಳಗೆ ಇದ್ದದ್ದು ಒಂದು ಸಂಘದ ನಿಯಮಾವಳಿ. ಕೊರಟಗೆರೆ, ಪಾವಗಡದ ಕಡೆಯ ಹಳ್ಳಿಗಳಿಂದ ಹೆಂಗಸರು ಹೆರಿಗೆಗೆಂದು ಮಧುಗಿರಿಯ ಆಸ್ಪತ್ರೆಗೆ ಬರುತ್ತಾರಲ್ಲ, ಅವರಿಗೂ ಅವರ ಜೊತೆ ಬಂದವರಿಗೂ ಉಳಿಯಲು ಜಾಗವಿಲ್ಲದೆ ಅಂಗಡಿ ಜಗಲಿಗಳ ಮೇಲೆ ಮಲಗುತ್ತಾರೆ. ಅವರಿಗಾಗಿ ಒಂದು ತಂಗುಮನೆ ಮಾಡೋಣವೆಂದು ನಮ್ಮ ಬೀದಿಯವರು ಹೊರಟಿದ್ದಾರೆ. ಉದ್ದೇಶ ಬರೆದಾಗಿದೆ, ಸದಸ್ಯರ ಹೆಸರು ಬರೆದಾಗಿದೆ, ಕಾರ್ಯದರ್ಶಿ ಯಾರೆಂದೂ ಗೊತ್ತಾಗಿದೆ. ‘ಅಧ್ಯಕ್ಷರು’ ಎಂಬ ಮಾತಿನ ಮುಂದೆ ಮಾತ್ರ ಖಾಲಿ ಜಾಗ. ಅದು ನನ್ನ ಜಾಗ. ನೀವು ಹಳೆಯ ವಕೀಲರು, ನಿಮ್ಮಂಥವರೇ ಆಗಬೇಕು ಎಂದು ಅವರು ಬಂದು ಕೇಳಿದಾಗ, ನೋಡೋಣ ಎಂದೆ. ಮತ್ತೆ ಬಂದರು, ಮತ್ತೆ ನೋಡೋಣ ಎಂದೆ. ಕೊನೆಗೆ ಬರುವುದನ್ನು ಬಿಟ್ಟು ಲಕೋಟೆ ಕಳಿಸಿದ್ದಾರೆ.

ಯಾಕೆ ಹಿಂದೇಟು ಎಂದು ಕೇಳಿದರೆ ಹೇಳಲು ನಾಚಿಕೆ. ನನ್ನ ಮಗಳು ಹೆರಿಗೆಗೆಂದು ಮನೆಗೆ ಬಂದಿದ್ದಾಳೆ. ಹಿಂದಿನ ಬಸಿರು ನಿಲ್ಲಲಿಲ್ಲ. ಈ ಸಲ ಅವಳು ನಡುಮನೆಯಲ್ಲಿ ಕೆಮ್ಮಿದರೂ ನಾನು ಇಲ್ಲಿ ಕುರ್ಚಿಯಿಂದ ಏಳುತ್ತೇನೆ. ಸಂಘಕ್ಕೆ ಅಧ್ಯಕ್ಷನಾಗುವುದಕ್ಕೂ ಮಗಳ ಬಸಿರಿಗೂ ಏನು ಸಂಬಂಧ ಎನ್ನುತ್ತೀರಿ. ಸಂಬಂಧವಿಲ್ಲವೆಂದು ಯಾವ ಕೋರ್ಟಿನಲ್ಲಿ ಬೇಕಾದರೂ ವಾದಿಸಿ ಗೆಲ್ಲಬಲ್ಲೆ. ಆದರೂ ಪೆನ್ನು ಮೇಲೇಳುವುದಿಲ್ಲ. ಇದು ತಿಳಿಯಬೇಕಾದರೆ ನೀವು ನನ್ನ ಜೊತೆ ಮಹಾರಾಜರ ಕಾಲಕ್ಕೆ ಬರಬೇಕು.

ಆಗ ನಾನು ಹೊಸದಾಗಿ ವಕೀಲಿ ಪಾಸು ಮಾಡಿ ಮಧುಗಿರಿಯಲ್ಲಿ ಬೋರ್ಡು ಹಾಕಿದ್ದೆ. ಬೆಟ್ಟದ ಬುಡದಲ್ಲೇ ನಮ್ಮ ಮನೆ. ಬೇಸಗೆಯಲ್ಲಿ ಆ ಬೋಳು ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಗೆ ನಮ್ಮ ಮನೆಯ ಗೋಡೆಗಳಿಗೆ ಹಿಂದಿರುಗಿಸುತ್ತಿತ್ತು. ಕರಿಕೋಟು ತೊಟ್ಟು ಕೂತರೆ ಬೆವರು. ತೊಡದೆ ಕೂತರೆ ಕಕ್ಷಿಗಾರ ಬಂದಾಗ ವಕೀಲನೆಂದು ತಿಳಿಯದೆ ಹೋಗಿಬಿಟ್ಟಾನೆಂಬ ಭಯ. ತೊಟ್ಟೇ ಕೂರುತ್ತಿದ್ದೆ. ಕಕ್ಷಿಗಾರರು ಬರುತ್ತಿರಲಿಲ್ಲ. ನನ್ನ ಹೆಂಡತಿ ಪಾವಗಡದ ಕಡೆಯವಳು, ಅವಳ ಕನ್ನಡದಲ್ಲಿ ಅರ್ಧ ತೆಲುಗು. “ಏಮಂಡಿ, ಬೆಟ್ಟ ನೋಡೋಕೆ ಕೋಟು ಬೇಕಾ?” ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಅಂಥ ಒಂದು ದಿನ ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡ ಮುದುಕರೊಬ್ಬರು ಬಂದರು. ನಿಂಗಪ್ಪನವರು. ಸಿರಾ ತಾಲ್ಲೂಕಿನ ಹುಲಿಕುಂಟೆಯ ಆಚೆ ಕಂಬಳಿ ನೇಯುವವರ ಹಟ್ಟಿಯೊಂದಿದೆ, ಅದಕ್ಕೆ ಇವರು ಯಜಮಾನರು. ಹೊಸ ಕಂಬಳಿಯಿಂದ ಹುಣಸೆಬೀಜದ ಗಂಜಿಯ ಅದೇ ವಾಸನೆ ಬರುತ್ತಿತ್ತು. ಬೆಂಚಿನ ಮೇಲೆ ಕೂರಿ ಎಂದರೆ ನೆಲದ ಮೇಲೆ ಕೂತು ಹೇಳಿದರು: “ನಮ್ಮ ಬಯಲು ಓಗ್ತೈತೆ ಸ್ವಾಮಿ. ಉಳಿಸ್ಕೊಡಿ.”

ಕಂಬಳಿಯ ಕೆಲಸವನ್ನು ನೀವು ನೋಡಿಲ್ಲದಿದ್ದರೆ ಬಯಲಿನ ಮಾತು ಅರ್ಥವಾಗುವುದಿಲ್ಲ. ಮಗ್ಗ ಮನೆಯೊಳಗಿರುತ್ತದೆ. ಆದರೆ ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ಉಣ್ಣೆ ಎಳೆಗಳನ್ನು ಉದ್ದಕ್ಕೆ ಗೂಟಗಳ ನಡುವೆ ಬಿಗಿದು, ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಬಳಿದು ಒಣಗಿಸಬೇಕು. ಗಂಜಿ ಕುಡಿಯದ ಎಳೆ ಮಗ್ಗದಲ್ಲಿ ನಿಲ್ಲುವುದಿಲ್ಲ, ಪಟಪಟನೆ ಕಿತ್ತುಹೋಗುತ್ತದೆ. ಅದಕ್ಕೆ ಉದ್ದವಾದ, ಸಮನಾದ, ನೀರಿಗೆ ಹತ್ತಿರವಾದ ಬಯಲು ಬೇಕು. ಇವರ ಹಟ್ಟಿಗೆ ಅಂಥದ್ದು ಕೆರೆಯ ಏರಿಯ ಕೆಳಗೆ ಇತ್ತು. ತಾತ ಮುತ್ತಾತಂದಿರು ಅಲ್ಲೇ ಗೂಟ ನೆಟ್ಟವರು. ಆದರೆ ಅದು ಯಾರ ಹೆಸರಿನಲ್ಲೂ ಇರಲಿಲ್ಲ, ಸರ್ಕಾರಿ ಖರಾಬು, ಅಂದರೆ ಪಾಳು ಎಂದು ಬರೆದಿಟ್ಟ ಜಮೀನು. ಈಗ ಸಿರಾದ ಸಾಹುಕಾರರೊಬ್ಬರು ಅಲ್ಲಿ ಕಡಲೆಕಾಯಿ ಮಂಡಿ ಕಟ್ಟಲು ದರಖಾಸ್ತು ಕೊಟ್ಟಿದ್ದರು. ಅವರದೇನೂ ಅನ್ಯಾಯವಲ್ಲ, ಖಾಲಿ ಕಂಡ ಜಾಗವನ್ನು ಕೇಳಿದ್ದರು, ಅಷ್ಟೆ. ವಿಚಾರಣೆ ಮಧುಗಿರಿಯಲ್ಲಿ, ಸಬ್‌ಡಿವಿಷನ್ ಆಫೀಸರ ಮುಂದೆ.

ಮೊದಲನೆಯ ವಿಚಾರಣೆಗೆ ನಾನು ನಡುಗುತ್ತಲೇ ಹೋದೆ. ಆಫೀಸರು ಕೆಟ್ಟವರಲ್ಲ, ಕಾಗದದ ಮನುಷ್ಯ. ಎಲ್ಲ ಕೇಳಿ ಒಂದೇ ಮಾತು ಹೇಳಿದರು. “ಊರಿನವರು ಅಂತ ಆದೇಶದಲ್ಲಿ ಹೆಂಗೆ ಬರೆಯಲಿ ವಕೀಲರೇ? ಊರಿನವರು ಯಾರು? ನಾಳೆ ಕರೆದರೆ ಯಾರು ಬರುತ್ತಾರೆ? ಒಂದು ಸಹಕಾರ ಸಂಘ ಅಂತ ರಿಜಿಸ್ಟರ್ ಮಾಡಿಸಿಕೊಂಡು ಬನ್ನಿ, ಸಂಘದ ಹೆಸರಿಗೆ ಮಾಡಿಕೊಡೋಣ. ಮುಂದಿನ ವಿಚಾರಣೆಗೆ ಸಂಘ ಇಲ್ಲದಿದ್ದರೆ ಜಮೀನು ಕೇಳಿದವರಿಗೆ ಹೋಗುತ್ತದೆ.”

ಹೊರಗೆ ಬಂದು ನಿಂಗಪ್ಪನವರಿಗೆ, ಏನೂ ಯೋಚನೆ ಬೇಡ, ಸಂಘ ಕಟ್ಟುವುದು ಸುಲಭ ಎಂದೆ. ಸಂಘ ಹೇಗೆ ಕಟ್ಟುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಕೆಲಸ ಕಲಿಸಿದ ಸೀನಿಯರ ಬೀರುವಿನಿಂದ ಯಾವುದೋ ಊರಿನ ಹಾಲಿನ ಸಂಘದ ನಿಯಮಾವಳಿ ತಂದು, ಹಾಲು ಇದ್ದಲ್ಲಿ ಕಂಬಳಿ ಎಂದು ಬರೆಯುತ್ತ ಹೋದೆ. ಎರಡು ದಿನದಲ್ಲಿ ನನ್ನ ಮೊದಲನೆಯ ಶಾಸನ ಸಿದ್ಧವಾಯಿತು. ಎಷ್ಟು ಹೆಮ್ಮೆಯೆಂದರೆ, ಹಟ್ಟಿಯ ಬಯಲಿನಲ್ಲೇ ಸಭೆ ಸೇರಿಸಿ ಗಟ್ಟಿಯಾಗಿ ಓದಿಯೂಬಿಟ್ಟೆ. “ಸದಸ್ಯರು ಕಂಬಳಿಗೆ ನೀರು ಬೆರೆಸತಕ್ಕದ್ದಲ್ಲ” ಎಂಬಲ್ಲಿಗೆ ಬಂದಾಗ ಹಿಂದಿನಿಂದ ಯಾರೋ, “ನೀರು ಬೆರೆಸ್ದೆ ಗಂಜಿ ಹೆಂಗೆ ಕಾಯಿಸೋದು ಸ್ವಾಮಿ?” ಎಂದರು.

ಕೇಳಿದವಳು ಕೆಂಚಮ್ಮ. ಇಡೀ ಹಟ್ಟಿಗೆ ಗಂಜಿ ಕಾಯಿಸಿಕೊಡುವವಳು ಅವಳು. ಗಂಡ ತೀರಿಹೋಗಿದ್ದ. ಮನೆಯಲ್ಲಿ ಮಗ್ಗವಿಲ್ಲ; ಬಯಲಿನ ಅಂಚಿನ ಒಲೆ, ಒಲೆಯ ಮೇಲಿನ ದೊಡ್ಡ ಹಂಡೆ, ಅದೇ ಅವಳ ಬದುಕು. ಗಂಜಿ ಕೊಟ್ಟಿದ್ದಕ್ಕೆ ಮನೆಮನೆಯವರೂ ಸುಗ್ಗಿಯಲ್ಲಿ ರಾಗಿ ಅಳೆಯುತ್ತಿದ್ದರು. ಸಭೆಯ ನಡುವೆಯೂ ಅವಳು ಒಲೆ ಬಿಟ್ಟು ಏಳಲಿಲ್ಲ. ಗಾಳಿ ಹೊಗೆಯನ್ನೆಲ್ಲ ಅವಳ ಮುಖಕ್ಕೇ ತರುತ್ತಿತ್ತು. ನನ್ನ ಬುದ್ಧಿವಂತಿಕೆ ಸುಮ್ಮನಿರಬೇಕಲ್ಲ. “ಒಲೆಯನ್ನು ಆ ಕಡೆಗೆ ತಿರುಗಿಸಿ ಕಟ್ಟಿದರೆ ಹೊಗೆ ಬರುವುದಿಲ್ಲವಮ್ಮ” ಎಂದೆ. “ಇರ್ಲಿ ಬುಡಿ” ಎಂದಳು. ಉಳಿದವರು ಮಾತು ಬದಲಾಯಿಸಿದರು.

ಹಾಲಿನ ನೀರಿನ ನಿಯಮವನ್ನು ಹೊಡೆದುಹಾಕಿ, ಸಂಘವೆಂದರೇನು ಎಂದು ವಿವರಿಸತೊಡಗಿದೆ. ಸಂಘಕ್ಕೆ ಮೈ ಇಲ್ಲ, ಆದರೂ ಕಾನೂನಿನ ಕಣ್ಣಿಗೆ ಅದು ಒಬ್ಬ ಮನುಷ್ಯನ ಹಾಗೆ. ಅದರ ಹೆಸರಿನಲ್ಲಿ ಜಮೀನು ಇರಬಹುದು. ಸದಸ್ಯರು ಸತ್ತರೂ ಅದು ಸಾಯುವುದಿಲ್ಲ. ತಾನಾಗಿ ಮಾತಾಡಲಾರದು, ಅದರ ಪರವಾಗಿ ಬೇರೆಯವರು ಮಾತಾಡಬೇಕು. ನಿಂಗಪ್ಪನವರು ಬಹಳ ಹೊತ್ತು ತಲೆಯಾಡಿಸುತ್ತ ಕೇಳಿ, “ತಿಳೀತು ಬುಡಿ ಸ್ವಾಮಿ. ದೇವ್ರು ಅನ್ನಿ” ಎಂದರು. ಎಲ್ಲರಿಗೂ ಸಮಾಧಾನವಾಯಿತು. ನನಗೂ ಆ ಕ್ಷಣಕ್ಕೆ ಅದರಲ್ಲಿ ತಪ್ಪು ಕಾಣಲಿಲ್ಲ. ಮಾವಿನಕಾಯಿಯ ಗೊಜ್ಜಿನಲ್ಲಿ ಊಟ ಮಾಡಿ, ಪದಾಧಿಕಾರಿಗಳನ್ನು ಆರಿಸಿ ಬರೆದು ಕಳಿಸಿ ಎಂದು ಹೇಳಿ ಬಸ್ಸು ಹತ್ತಿದೆ.

ಆ ಕಾಗದ ಬಂದ ದಿನವನ್ನು ಮರೆಯಲಾರೆ. ಅಧ್ಯಕ್ಷರು: ಶ್ರೀ ಬೀರದೇವರು. ತಂದೆಯ ಹೆಸರು: ಶಿವ. ವಯಸ್ಸು: ಬಲ್ಲವರಿಲ್ಲ. ಕಸುಬು: ಕಾಯುವುದು. ವಾಸ: ಗುಡಿ. ಯಾರೋ ಶ್ರದ್ಧೆಯಿಂದ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. “ಸರ್ಕಾರದೋರು ದೇವುಡಿಗೂ ವಯಸ್ಸು ಕೇಳ್ತಾರಾ?” ಎಂದಳು, ಸರ್ಕಾರದ ಮೇಲೆ ಬೇಸರದಿಂದ. ನಾನು ನಕ್ಕೆ. ನಕ್ಕು ಮುಗಿದ ಮೇಲೆ ಕ್ಯಾಲೆಂಡರಿನ ಕಡೆ ನೋಡಿದೆ. ವಿಚಾರಣೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಕಾಗದ ಬೆಂಗಳೂರಿಗೆ ಹೋಗಿ ರಿಜಿಸ್ಟರಾಗಿ ಬರಬೇಕಿತ್ತು. ದೇವರ ಹೆಸರಿನಲ್ಲಿ ಆಸ್ತಿ ಇರಬಹುದೆಂದು ಕಾನೂನು ಒಪ್ಪುತ್ತದೆ. ಆದರೆ ಸಭೆಗೆ ಬಂದು ಕೈ ಎತ್ತದ, ಕರೆದರೆ ಓಗೊಡದ ಅಧ್ಯಕ್ಷನನ್ನು ಒಪ್ಪುವುದಿಲ್ಲ.

ಮತ್ತೆ ಹಟ್ಟಿಗೆ ಓಡಿದೆ. ಯಾರಾದರೂ ಒಬ್ಬ ಮನುಷ್ಯರ ಹೆಸರು ಹೇಳಿ ಎಂದೆ. ನಿಂಗಪ್ಪನವರ ಕಡೆ ನೋಡಿದೆ, ಅವರು ಕಂಬಳಿಯ ಅಂಚನ್ನು ನೋಡಿಕೊಂಡರು. ಸಂಕೋಚ ಎಂದುಕೊಂಡು ನಾಯಕತ್ವ, ಪೌರುಷ ಎಂದೆಲ್ಲ ಸಣ್ಣ ಭಾಷಣ ಮಾಡಿದೆ. ಆಗ ಅವರು ಎದ್ದು, “ಬನ್ನಿ” ಎಂದು ನನ್ನನ್ನು ಬಯಲಿನ ಮೂಲೆಗೆ ಕರೆದುಕೊಂಡು ಹೋದರು.

ಅಲ್ಲಿ ಒಂದು ಕಲ್ಲಿನ ಬಾನಿ, ತೊಟ್ಟಿಯಂಥದ್ದು. ಹಿಂದೆ ಗಂಜಿ ಆರಿಸುತ್ತಿದ್ದದ್ದು. ಅದರ ಮೈಮೇಲೆ ಒಂದು ಕಡೆ ಉಳಿಯಿಂದ ಕೆತ್ತಿದ ಅಕ್ಷರಗಳನ್ನು ಮತ್ತೆ ಉಳಿಯಿಂದಲೇ ಹೊಡೆದು ಅಳಿಸಿದ ಗುರುತು.

“ನಮ್ಮಲ್ಲಿ ನಾಕು ಜನದ್ದು ಅಂಬೋದೆಲ್ಲ ದೇವ್ರುದು ಸ್ವಾಮಿ. ಹಂಡೆ ದೇವ್ರುದು, ಉಣ್ಣೆ ಕತ್ರಿಸೋ ಕತ್ರಿ ದೇವ್ರುದು, ಬೀಜದ ಟಗರು ದೇವ್ರುದು. ನಾಕು ಜನದ್ದಕ್ಕೆ ಒಬ್ಬ ಹೆಸ್ರು ಹಾಕ್ಕಂಡ್ರೆ ಅವ್ನ ಮನೆ ದೀಪ ಉರಿಯಕಿಲ್ಲ. ಈ ಬಾನಿ ಕೊಡಿಸ್ದೋನು ಹೆಸ್ರು ಕೆತ್ತಿಸ್ದ. ಮಕ್ಳು ಒಂದೂ ಉಳೀಲಿಲ್ಲ. ಅಳಿಸ್ದಾಗ ಹೊತ್ತಾಗಿತ್ತು.” ಅವರು ಬಾನಿಯ ಕಡೆಗೇ ನೋಡುತ್ತ ಹೇಳಿದರು: “ನಂಗೆ ಮೊನ್ನೆ ಮೊಮ್ಮಗ ಹುಟ್ಟವ್ನೆ.”

ಆ ಒರಟು ಕಲ್ಲಿನ ಮೇಲೆ ಬೆರಳಾಡಿಸಿದೆ. ಅದು ಮೂಢನಂಬಿಕೆ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಬಿಸಿಲು ಜಾಸ್ತಿಯಿದೆ ಎಂದು ಹೇಳಿ ಮುಚ್ಚಿದೆ. ಸಭೆಗೆ ವಾಪಸು ಬಂದ ಮೇಲೆ ಒಬ್ಬ ಏನೋ ಹೊಳೆದವನಂತೆ, “ವಕೀಲ್ರೇ ಆಗ್ಬುಡ್ಲಿ ಅಧ್ಯಕ್ಷರು” ಎಂದ. ಎಲ್ಲರ ಮುಖವೂ ಅರಳಿತು. ಸದಸ್ಯರಾದವರು ಆ ಊರಿನಲ್ಲೇ ವಾಸವಾಗಿರತಕ್ಕದ್ದು ಎಂಬ ನಿಯಮವನ್ನು ಓದಿ ತೋರಿಸಿದೆ. ಹಾಲಿನ ಸಂಘದವರು ಬರೆದಿಟ್ಟಿದ್ದ ಆ ಮಾತು ನನ್ನನ್ನು ಕಾಪಾಡಿತು. ಅವರ ಹಸುಗಳು ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಹೊತ್ತು ಇಳಿಯುತ್ತ ಬಂತು. ನನ್ನ ಬಸ್ಸಿನ ವೇಳೆಯಾಗುತ್ತಿತ್ತು. ಇವತ್ತು ಹೆಸರು ಬರೆಯದಿದ್ದರೆ ಕಾಗದ ವೇಳೆಗೆ ಮುಟ್ಟುವುದಿಲ್ಲ, ಬಯಲು ಹೋಗುತ್ತದೆ ಎಂದು ಮತ್ತೆ ಮತ್ತೆ ಹೇಳಿದೆ. ಗಂಡಸರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಅವರ ಹಿಂದೆ, ಗೂಟಗಳ ನಡುವೆ ಅವರ ಮಕ್ಕಳು ಮುಟ್ಟಾಟ ಆಡುತ್ತಿದ್ದವು. ಅಪ್ಪಂದಿರು ಒಬ್ಬೊಬ್ಬರೇ ತಿರುಗಿ ನೋಡಿ ಮತ್ತೆ ತಲೆ ತಗ್ಗಿಸುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಆಗ ಒಲೆಯ ಕಡೆಯಿಂದ ಕೆಂಚಮ್ಮ, “ನನ್ನ ಹೆಸ್ರು ಬರ್ಕೊಳಿ” ಎಂದಳು. ಯಾರೂ ತಿರುಗಲಿಲ್ಲ. “ನಮ್ಮನೇಲಿ ಆರಿಹೋಗೋಕೆ ದೀಪ ಎಲ್ಲೈತೆ? ಬರ್ಕೊಳಿ.”

“ಬ್ಯಾಡ ಕಣಮ್ಮ” ಎಂದು ನಿಂಗಪ್ಪನವರು ಮೆಲ್ಲಗೆ ಹೇಳಿದರು. ಹೆಂಗಸು ಅಧ್ಯಕ್ಷೆಯಾಗುವುದು ಅವರಿಗೆ ಹಿಡಿಸಲಿಲ್ಲವೆಂದು ತಿಳಿದು, ಕಾನೂನಿಗೆ ಗಂಡು ಹೆಣ್ಣು ಎರಡೂ ಒಂದೇ ಎಂದು ಧೈರ್ಯ ಹೇಳಿದೆ. ಆದರೆ ನನ್ನ ನಿಯಮಾವಳಿಯ ಪ್ರಕಾರ ಮಗ್ಗವುಳ್ಳವರು ಮಾತ್ರ ಸದಸ್ಯರು. ಅವಳಿಗೆ ಮಗ್ಗವಿಲ್ಲ. ಕಂಬಳಿಯ ಮೇಲೆ ಕೂತು ಅಲ್ಲೇ ತಿದ್ದಿದೆ: ‘ಕಂಬಳಿ ನೇಯುವವರು ಮತ್ತು ನೇಯ್ಗೆಗೆ ಗಂಜಿ ಕಾಯಿಸುವವರು’. ಸಭೆ ಕೈ ಎತ್ತಿ ಒಪ್ಪಿತು. ಕೈಗಳು ಮೇಲೆದ್ದವು, ತಲೆಗಳು ಏಳಲಿಲ್ಲ. ಅವಳು ಗಂಜಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಹೆಬ್ಬೆಟ್ಟು ಒತ್ತಿದಳು. ಬಸ್ಸು ಸಿಗುತ್ತದೆಂಬ ಸಂತೋಷದಲ್ಲಿ ನಾನು ಇನ್ನೇನನ್ನೂ ಗಮನಿಸಲಿಲ್ಲ.

ರಿಜಿಸ್ಟರಾದ ಕಾಗದ ವಿಚಾರಣೆಯ ಹಿಂದಿನ ದಿನ ಬಂತು. ಮಾರನೆಯ ದಿನ ನಿಂಗಪ್ಪನವರೂ ಕೆಂಚಮ್ಮನೂ ಮಧುಗಿರಿಗೆ ಬಂದರು. ಸಾಹುಕಾರರ ಕಡೆಯ ವಕೀಲರು ಎದ್ದು, ಇದು ಬಯಲಿಗಾಗಿ ಹುಟ್ಟಿಸಿದ ಸಂಘ, ಅಧ್ಯಕ್ಷೆಗೆ ಮಗ್ಗವೇ ಇಲ್ಲ ಎಂದರು. ಅದು ನಿಜವೇ. ನಾನು ಕಾಗದಗಳನ್ನು ತಿರುವಿಹಾಕತೊಡಗಿದೆ. ಆಫೀಸರು ಕೆಂಚಮ್ಮನನ್ನೇ ಕರೆದರು.

“ಮಗ್ಗ ಇಲ್ಲದ ಮೇಲೆ ನೀನು ಹೇಗಮ್ಮ ಇದಕ್ಕೆ ಅಧ್ಯಕ್ಷೆ?”

“ಮಗ್ಗ ಅವ್ರವ್ರ ಮನೇಲೈತೆ ಬುದ್ಧಿ. ಬಯಲು ಎಲ್ರುದೂ. ದಿನಾ ಬಯಲಾಗೆ ಇರೋಳು ನಾನೇ.”

“ನಾಳೆ ಏನಾದರೂ ತಕರಾರು ಬಂದರೆ ಯಾರನ್ನು ಕರೆಸಲಿ?”

“ನನ್ನೇ ಕರ್ಸಿ. ನಾನೆಲ್ಲೂ ಓಗಕಿಲ್ಲ.”

ಆಫೀಸರು ಆ ಮಾತನ್ನೇ ಬರೆದುಕೊಂಡರೋ ಏನೋ, ಬಹಳ ಹೊತ್ತು ಬರೆದರು. ಬಯಲು ಸಂಘಕ್ಕಾಯಿತು. ಹೊರಗೆ ಬಂದು ನಾನು ಕುಣಿಯುವುದೊಂದು ಬಾಕಿ. ನಿಂಗಪ್ಪನವರು ಮಾತ್ರ ಕಚೇರಿಯ ಹುಣಸೆಮರದ ಕೆಳಗೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಸಂತೋಷಕ್ಕೆ ಎಂದುಕೊಂಡೆ.

ಊಟಕ್ಕೆ ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋದೆ. ಹಜಾರದಲ್ಲಿ ನಿಂಗಪ್ಪನವರಿಗೆ ನನ್ನ ವಾದದ ಸೊಗಸನ್ನು ಮತ್ತೊಮ್ಮೆ ವಿವರಿಸುತ್ತಿದ್ದಾಗ ಹೆಂಡತಿ ಒಳಗಿನಿಂದ ಕರೆದಳು. ಅವಳ ಮುಖ ಬಿಳಿಚಿತ್ತು.

“ಆಯಮ್ಮಕಿ ಕೊಡುಕು ಉನ್ನಾಡಂಟ. ಮಗ ಇದ್ದಾನಂತೆ ಕಣ್ರಿ.”

ಮಗನ ಹೆಸರು ಕರಿಯ. ಅಪ್ಪ ಸತ್ತ ವರ್ಷ ಕುರಿ ಹೊಡೆದುಕೊಂಡು ಆಂಧ್ರದ ಸೀಮೆಯ ಕಡೆ ಹೋದವನು, ಕುರಿಗಳನ್ನು ಜೊತೆಯವರಿಗೆ ಒಪ್ಪಿಸಿ ಎಲ್ಲಿಗೋ ನಡೆದುಬಿಟ್ಟಿದ್ದ. ಸತ್ತನೆಂಬ ಸುದ್ದಿ ಬಂದಿರಲಿಲ್ಲ, ಬದುಕಿರುವ ಸುದ್ದಿಯೂ ಇಲ್ಲ. ಕೆರೆಯ ಏರಿಯ ಮೇಲೆ ಬರುವ ದಾರಿ ಕಾಣಲೆಂದೇ ಅವಳು ಹೊಗೆಗೆ ಮುಖಕೊಟ್ಟು ಕೂರುತ್ತಿದ್ದಳು. ಇದು ಹಟ್ಟಿಗೆಲ್ಲ ಗೊತ್ತಿತ್ತು. ಕೈ ಎತ್ತಿದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಕೆಂಚಮ್ಮ ಹಿತ್ತಿಲ ಬಾವಿಕಟ್ಟೆಯ ಹತ್ತಿರ ಕೈ ತೊಳೆಯುತ್ತಿದ್ದಳು. “ಯಾಕಮ್ಮ ಹಾಗೆ ಮಾಡಿದೆ?” ಎಂದೆ.

“ಬಯಲು ಓದ್ರೆ ಒಲೆ ಓಯ್ತದೆ. ಅವ್ನು ಬಂದ್ರೆ ಆ ದಾರೀಗೇ ಬರ್ಬೇಕು. ಅಲ್ಲಿ ನಾನಿಲ್ದಿದ್ರೆ ಎಲ್ಲಿಗೆ ಓಗ್ತಾನೆ ಸ್ವಾಮಿ?” ನೀರು ಚೆಲ್ಲಿ, ಚೊಂಬನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. “ಅವ್ರ ಮಕ್ಳು ಕಣ್ಮುಂದೆ ಅವ್ರೆ. ಕಣ್ಮುಂದೆ ಇರೋದ್ನ ಯಾರು ಕೊಟ್ಟಾರು? ನಂದು ಕಣ್ಮುಂದೆ ಇಲ್ಲ.” ಆಮೇಲೆ ಮೊದಲ ಸಲ ಅವಳ ದನಿ ಸಣ್ಣಗಾಯಿತು. “ಈ ಹೆಸ್ರು ಎಷ್ಟು ದಿವ್ಸ ಇರ್ಬೇಕು?”

ಒಂದು ವರ್ಷ, ವಾರ್ಷಿಕ ಸಭೆಯವರೆಗೆ ಎಂದೆ. “ಒಂದು ವರ್ಷ ತಡ್ಕಂಡಾನು” ಎಂದಳು.

ಆ ವರ್ಷ ನಾನು ಪಟ್ಟ ಪಾಡನ್ನು ಹೇಳಿದರೆ ನಂಬುವುದಿಲ್ಲ. ಸಿರಾದ ಬಸ್ಸಿನಿಂದ ಕಂಬಳಿ ಹೊದ್ದವರು ಯಾರು ಇಳಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಕರಿಯ ಎಂಬ ಹೆಸರಿನ ಕಕ್ಷಿಗಾರ ಬಂದರೆ, ಎಲ್ಲಿಯವನಪ್ಪ, ತಾಯಿ ಇದ್ದಾಳೆಯೇ ಎಂದು ಮೊಕದ್ದಮೆಗೆ ಸಂಬಂಧವಿಲ್ಲದ್ದನ್ನೆಲ್ಲ ಕೇಳುತ್ತಿದ್ದೆ. ಕರಿಯನೆಂಬುವರು ನಮ್ಮ ಸೀಮೆಯಲ್ಲಿ ಬೇವಿನಮರದಷ್ಟು ಸಾಮಾನ್ಯ. ನಂಬುತ್ತೀಯಾ ಎಂದು ನನ್ನನ್ನು ನಾನೇ ಕೇಳಿಕೊಂಡರೆ, ಇಲ್ಲ ಎಂಬ ಉತ್ತರ ಬರುತ್ತಿತ್ತು. ಆದರೂ ದಿನ ಎಣಿಸುತ್ತಿದ್ದೆ. ನಮ್ಮ ಮೊದಲ ಮಗು, ಅಂದರೆ ಈಗ ನಡುಮನೆಯಲ್ಲಿ ಮಲಗಿರುವವಳು, ಹುಟ್ಟಿದ್ದು ಆ ವರ್ಷವೇ. ತೊಟ್ಟಿಲಿನ ಕಡೆ ನೋಡಿದಾಗಲೆಲ್ಲ ಹೊಗೆಯಲ್ಲಿ ಕೂತ ಆ ಹೆಂಗಸು ನೆನಪಾಗುತ್ತಿದ್ದಳು.

ವಾರ್ಷಿಕ ಸಭೆಗೆ ಮುಂಚೆಯೇ ಹೋದೆ. ಕೆಂಚಮ್ಮನನ್ನು ಬಿಡಿಸಬೇಕು, ಆದರೆ ಮತ್ತೆ ಯಾರು ಎಂಬ ಚಿಂತೆ ದಾರಿಯುದ್ದಕ್ಕೂ. ನಾನು ಬಾಯಿ ತೆರೆಯುವ ಮೊದಲೇ ನಿಂಗಪ್ಪನವರು ಎದ್ದು ನಿಂತರು. ಒಂದು ವರ್ಷದಲ್ಲಿ ಬಹಳ ಬಾಗಿದ್ದರು.

“ಗಂಜಿ ಒಂದೇ ಎಳೆಗೆ ಬಿದ್ರೆ ಆ ಎಳೆ ಸಿಡಿದೋಯ್ತದೆ ಸ್ವಾಮಿ. ಎಲ್ಲಾ ಎಳೆಗೂ ತೆಳ್ಳಗೆ ಬಳೀಬೇಕು. ನಮ್ಗೆ ಗೊತ್ತಿರೋ ಕಸುಬು, ಓದ್ವರ್ಸ ತಲೆಗೆ ಓಗ್ಲಿಲ್ಲ. ಎಲ್ರು ಹೆಸ್ರೂ ಹಾಕಿ. ತಿಂಗ್ಳಿಗೊಬ್ರು. ತಿಂಗ್ಳಲ್ಲಿ ಅದೇನು ಸುಟ್ಟಾತು? ಮೊದ್ಲು ನಂದು ಬರ್ಕೊಳಿ.”

ಒಬ್ಬೊಬ್ಬರೂ ಎದ್ದು ಹೆಸರು ಹೇಳಿದರು. ಹೆಂಗಸರೂ ಹೇಳಿದರು. ಭಯ ಯಾರಿಗೂ ಹೋಗಿರಲಿಲ್ಲ, ಹಂಚಿಕೊಂಡಿದ್ದರು, ಅಷ್ಟೆ. ನಾನು ಬರೆಯುತ್ತ ಹೋದೆ, ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕೊನೆಯಲ್ಲಿ ಕೆಂಚಮ್ಮ, “ನಂದೂ ಇರ್ಲಿ. ಒಂದು ತಿಂಗ್ಳು” ಎಂದಳು.

ಪ್ರತಿ ತಿಂಗಳೂ ಅಧ್ಯಕ್ಷರನ್ನು ಬದಲಾಯಿಸಲು ಕಾರಣವೇನು ಎಂದು ಬೆಂಗಳೂರಿನಿಂದ ಪ್ರಶ್ನೆ ಬಂತು. ಸದಸ್ಯರೆಲ್ಲರಿಗೂ ಆಡಳಿತದ ಅನುಭವವಾಗಲಿ ಎಂದು ಉತ್ತರ ಬರೆದೆ. ಬಹಳ ಪ್ರಗತಿಪರವಾದ ನಿಯಮ, ಬೇರೆ ಸಂಘಗಳೂ ಅನುಸರಿಸಬಹುದು ಎಂದು ಮೆಚ್ಚಿಕೊಂಡು ಮಂಜೂರು ಮಾಡಿದರು. ಆಮೇಲೆ ಎಷ್ಟೋ ಸಂಘಗಳಿಗೆ ನಾನು ನಿಯಮ ಬರೆದುಕೊಟ್ಟಿದ್ದೇನೆ. ಎಣ್ಣೆ ಗಾಣದವರಿಗೆ, ಗಾಡಿಯವರಿಗೆ, ಗೋಶಾಲೆಯವರಿಗೆ. ಕೋರಂ ಎಷ್ಟಿರಬೇಕು, ಮೊಹರು ಯಾರ ಹತ್ತಿರ ಇರಬೇಕು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ‘ಅಧ್ಯಕ್ಷರು’ ಎಂಬ ಮಾತು ಬರೆಯುವಾಗ ಇಂದಿಗೂ ಕೈ ಒಂದು ಗಳಿಗೆ ನಿಲ್ಲುತ್ತದೆ.

ಇಷ್ಟು ನೆನೆಯುವ ಹೊತ್ತಿಗೆ ಕಾಫಿ ಆರಿ ಕೆನೆಗಟ್ಟಿತ್ತು. ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಬಂದು ಎದುರಿಗೆ ಕೂತಳು. “ಏನಪ್ಪ, ಬೆಳಗ್ಗೆಯಿಂದ ಲಕೋಟೆ ಮೂಸ್ತಾ ಕೂತಿದ್ದೀರಿ?” ಎಂದಳು. ಹೇಳಬಾರದೆಂದುಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ. ಬಾನಿಯನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

“ಅವಳ ಮಗ ಬಂದನಾ?”

ಸುಳ್ಳು ಹೇಳೋಣವೆನ್ನಿಸಿತು. “ಇಲ್ಲ” ಎಂದೆ. “ಸಾಯುವವರೆಗೂ ಒಲೆ ತಿರುಗಿಸಲಿಲ್ಲ. ಸರದಿ ಬಂದಾಗಲೆಲ್ಲ ತನ್ನ ತಿಂಗಳು ತಪ್ಪದೆ ತೆಗೆದುಕೊಂಡಳು. ಒಂದು ಸಲ ನಾನೇ ಕೇಳಿದೆ, ಸಾಕು ಬಿಡಮ್ಮ ಅಂತ. ಬರೋನು ಹೆಸ್ರು ಇದ್ರೂ ಬತ್ತಾನೆ, ಇಲ್ದಿದ್ರೂ ಬತ್ತಾನೆ, ಬಯಲು ಮಾತ್ರ ಹೆಸ್ರಿಲ್ದೆ ಉಳಿಯಾಕಿಲ್ಲ ಅಂದಳು.”

ಮಗಳು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದಳು. ಮೊನ್ನೆ ಆಸ್ಪತ್ರೆಗೆ ತೋರಿಸಲು ಹೋದಾಗ ಅಂಗಡಿಯ ಜಗಲಿಯ ಮೇಲೆ ಗೋಣಿ ಹಾಸಿಕೊಂಡು ಮಲಗಿದ್ದ ಬಸುರಿಯೊಬ್ಬಳನ್ನು ಅವಳು ನೋಡಿದ್ದಳು. ಮನೆಗೆ ಬಂದು ಎರಡು ದಿನ ಅದನ್ನೇ ಹೇಳುತ್ತಿದ್ದಳು.

“ತಿಂಗಳಿಗೊಬ್ಬರು ಅಂತಲೇ ಬರೀರಿ. ಮೊದಲನೇದು ನಿಮ್ಮದು. ಎರಡನೇದಕ್ಕೆ ನನ್ನ ಹೆಸರು ಹಾಕಿ.”

“ಎರಡನೇ ತಿಂಗಳು ನಿನ್ನ ಹೆರಿಗೆ ಕಣಮ್ಮ” ಎಂದೆ.

“ಗೊತ್ತಪ್ಪ. ಆ ತಿಂಗಳು ಹೆರೋರು ಬೇರೆಯವರೂ ಇರ್ತಾರಲ್ಲ.”

ಒಳಗಿನಿಂದ ಅವಳ ಅಮ್ಮ, “ಮೂಡೋದಿ ನಾದಿ” ಎಂದಳು. ಮೂರನೆಯದು ನನ್ನದು ಎಂದು. ಅಲ್ಲಿಯವರೆಗೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳೆಂದು ಆಮೇಲೆ ತಿಳಿಯಿತು.

ಪೆನ್ನು ತೆಗೆದೆ. ಭಯ ಹೋಗಲಿಲ್ಲ, ಹೋಯಿತೆಂದು ಹೇಳಿದರೆ ನೀವು ನಂಬಲೂ ಬೇಡಿ. ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ಅದರ ಕೆಳಗೆ ಮಗಳ ಹೆಸರು ಬರೆದೆ.